ಗುಣವತಿಯ ಬಾಯಿ, ಪಾಂಡುವಿನ ಕಿವಿ

ಪಾಂಡು ಕಿವಿ ಮುಚ್ಚಿಕೊಂಡೇ ಊಟಕ್ಕೆ ಕುಳಿತಿದ್ದ. ಕಿವಿಗೊಂದರಂತೆ ಎರಡು ಕಪ್ಪು ಬಟ್ಟಲು, ತಲೆಯ ಮೇಲೊಂದು ಪಟ್ಟಿ. ಹಂಗಾರಕಟ್ಟೆಯ ಬೋಟು ಕಟ್ಟುವ ಯಾರ್ಡಿನಲ್ಲಿ, ಕಬ್ಬಿಣ ಉಜ್ಜುವಾಗ ಹಾಕಿಕೊಳ್ಳಲೆಂದು ಕೊಂಡ ಇಯರ್ ಮಫ್. ಯಾರ್ಡು ಬಿಟ್ಟು ಎರಡು ತಾಸಾಗಿತ್ತು. ಇನ್ನು ಮನೆಯಲ್ಲಿ ಗದ್ದಲ ಮಾಡುವಂಥದ್ದು ಒಂದೇ, ಗುಣವತಿಯ ಬಾಯಿ.

ಕುಂದಾಪುರದ ಮಾರ್ಕೆಟ್ಟಿನಲ್ಲಿ ಇಪ್ಪತ್ತು ವರ್ಷ ಬಂಗುಡೆ ಕೂಗಿ ಮಾರಿದ ಬಾಯಿ ಅದು. ಅವಳು ಅಂಗಳದಲ್ಲಿ ಗಂಡನನ್ನು ಕರೆದರೆ ಹೊಳೆಯಾಚೆಯವರು ಓಗೊಡುತ್ತಾರೆಂದು ಊರಿನವರ ತಮಾಷೆ. ಇಂಥ ಗುಣವತಿಯೂ ಜನ್ಮದಲ್ಲಿ ಒಂದು ಮಾತನ್ನು ದನಿ ತಗ್ಗಿಸಿ ಹೇಳಿದ್ದಳು. ಹೇಳಿ ಕೆಟ್ಟಳು.

ಎರಡು ವಾರದ ಹಿಂದಿನ ಭಾನುವಾರ, ಮಧ್ಯಾಹ್ನ. ಪಾಂಡು ಜಗಲಿಯಲ್ಲಿ ಗಾಳದ ದಾರದ ಸಿಕ್ಕು ಬಿಡಿಸುತ್ತಿದ್ದ. ಅವಳು ಹಿಂದೆ ಬಂದು ನಿಂತಳು. ಹೇಳಲು ನಾಚಿಕೆ, ಹೇಳದಿರಲು ಭಯ.

"ಹ್ವಾಯ್, ಎದಿ ಹತ್ರ ಒಂದ್ ಗಂಟ್ ಆಯ್ತ್ ಕಾಣಿ."

ಅವನು ತಿರುಗಲಿಲ್ಲ. ಕತ್ತೆತ್ತಿ ಎದುರಿನ ಗೋಡೆ ನೋಡಿದ. "ಇನ್ನೂ ಟೈಮ್ ಇತ್ತಲೆ. ಅವಸರ ಎಂತಕೆ?" ಎಂದು ಮತ್ತೆ ದಾರಕ್ಕೆ ಕೈಹಾಕಿದ.

ಗುಣವತಿಯ ಜೀವ ಹಿಡಿಯಷ್ಟಾಯಿತು. ಅವಳ ಅಮ್ಮನನ್ನು ತಿಂದದ್ದೂ ಇಂಥದೇ ಒಂದು ಗಂಟು, ಅದು ಪಾಂಡುವಿಗೂ ಗೊತ್ತು. ಆವತ್ತಿನಿಂದ ಅವಳ ಕೂಗು ನಿಂತಿತು. ಮಾತೆಲ್ಲ ಹಲ್ಲಿನ ನಡುವೆ, ಗೊಣಗಾಟದಲ್ಲಿ.

ನಾಲ್ಕನೇ ದಿನ ಅವನು ಮಾರ್ಕೆಟ್ಟಿಗೇ ಬಂದು ಅವಳನ್ನು ಹಾರ್ಡ್‌ವೇರ್ ಅಂಗಡಿಗೆ ಎಳೆದುಕೊಂಡು ಹೋದ. ಕಿವಿಗೆ ಹಾಕುವಂಥದ್ದು ಬೇಕಂತೆ.

"ಚಂದಯ್ಯ ಕಬ್ಬಿಣ ಕುಟ್ಟಿ ಕುಟ್ಟಿ ಕೆಪ್ಪ ಆಯ್ಲಿಲ್ಯಾ?" ಎಂದ.

ಯಾರ್ಡಿನ ಚಂದಯ್ಯನ ಹೆಸರೆತ್ತಿದರೆ ಗುಣವತಿಗೆ ಯಾವ ದುಃಖದಲ್ಲೂ ನಗು. ಕಿವಿಗೆ ಕೈಯಿಟ್ಟು ಬಗ್ಗಿ "ಆಂ? ಆಂ?" ಎಂದು ಅಣಕಿಸಿದಳು. ಅಂಗಡಿಯ ಹುಡುಗಿ ರಮಿತಾ ನಕ್ಕಳು, ಪಾಂಡು ನಗಲಿಲ್ಲ.

ರಮಿತಾ ಮೊದಲು ಕಿವಿಯೊಳಗೆ ತುರುಕುವ ಸ್ಪಂಜು ತೋರಿಸಿದಳು. ಬೇಡ. ಸಾದಾ ಮಫ್ ಕೊಟ್ಟಳು. ಹಾಕಿ ನೋಡಿ, ಮುಖ ಸಣ್ಣ ಮಾಡಿ, ತೆಗೆದಿಟ್ಟ. ಮೂರನೆಯದಕ್ಕೆ ಒಂದು ತಿರುಗಣೆ ಇತ್ತು.

"ಇದಕ್ಕೆ ಬ್ಯಾಟ್ರಿ ಇತ್ತ್. ದೊಡ್ಡ ಶಬ್ದ ಬಂದ್ ಕೂಡ್ಲೇ ತಡಿತ್ತ್. ಬಂದೂಕ್ ಹೊಡಿಯವ್ರೂ ಇದನ್ನೇ ಹಾಕಂತ್ರ್."

ಪಾಂಡು ಹಾಕಿಕೊಂಡು ತಿರುಗಣೆ ತಿರುಗಿಸಿದ. "ನೀ ಆಚಿ ತಿರ್ಗಿ ಎಂತಾರೂ ಹೇಳ್," ಎಂದ.

ಹುಡುಗಿ ಕಪಾಟಿನ ಕಡೆ ತಿರುಗಿ ಏನೋ ಅಂದಳು. ಪಕ್ಕದಲ್ಲೇ ಇದ್ದ ಗುಣವತಿಗೂ ಅದು ತಿಳಿಯಲಿಲ್ಲ. ಪಾಂಡುವಿನ ಮುಖ ಮಾತ್ರ ಹಬ್ಬದ ಮನೆಯಂತೆ ಅರಳಿತು. "ಇದೇ ಸಾಕ್."

ಹೆಂಗಸಿನ ಮಾತು ಕಿವಿಗೆ ಬೀಳದಿದ್ದರೆ ಇಷ್ಟು ಖುಷಿಯೇ? ಗುಣವತಿಗೆ ಮೈಯೆಲ್ಲ ಉರಿಯಿತು. ಅದರ ಮೇಲೆ, ಆವತ್ತಿನಿಂದ ಅದನ್ನು ಮನೆಯಲ್ಲೂ ಕಳಚಲಿಲ್ಲ ಪುಣ್ಯಾತ್ಮ. ಬ್ಯಾಟರಿ ಮುಗಿದ ದಿನವಂತೂ ಉಣ್ಣದೆ ಅಂಗಡಿಗೆ ಓಡಿದ.

ಇವತ್ತು ಶನಿವಾರ. ಪಾಂಡು ಉಣ್ಣುತ್ತಿರುವಾಗಲೇ ಪಕ್ಕದ ಮನೆಯ ಜಲಜ ತೆಂಗಿನಕಾಯಿ ಕೇಳಿಕೊಂಡು ಬಂದಳು. ಅವನ ತಲೆ ನೋಡಿ ಕಣ್ಣರಳಿಸಿದಳು.

"ಅವ್ರಿಗೆ ಕೇಂತಾ ಗುಣಕ್ಕ?"

"ಎಂತದೂ ಇಲ್ಲೆ. ಕೋಣನ ಮುಂದೆ ಕಿನ್ನರಿ. ಬಂದೂಕಿಗೆ ಹಾಕುದಂಬ್ರ್ ಅದ್. ನನ್ ಬಾಯ್ ಎಂತ ಬಂದೂಕಾ?"

ನಗಲು ಹೋದವಳಿಗೆ ಅಳು ಬಂತು. ಗಂಡ ನಾಲ್ಕು ಮಾರು ದೂರದಲ್ಲಿದ್ದರೂ ಊರಾಚೆ ಇದ್ದಂತೆಯೇ ಅಲ್ಲವೇ? ಎದೆಯಲ್ಲಿದ್ದದ್ದನ್ನೆಲ್ಲ ಪಿಸುದನಿಯಲ್ಲಿ ಹೊರಗೆ ಹಾಕಿದಳು. ಕೇಳಿಸಿಕೊಳ್ಳಲು ಜಲಜ ಮೈಯೆಲ್ಲ ಮುಂದಕ್ಕೆ ಬಾಗಬೇಕಾಯಿತು.

"ತುಂಡ್ ತೆಗ್ದ್ ಪರೀಕ್ಷೆ ಮಾಡ್ಕ್ ಅಂದ್ರ್ ಡಾಕ್ಟ್ರ್. ಸೋಮವಾರ ಗಂಡನ್ನ ಕರ್ಕಂಡ್ ಬಾ ಅಂದ್ರ್. ಕಿವಿ ಮುಚ್ಕಂಡವ್ರನ್ನ ಎಂತ ಹೇಳಿ ಕರಿಲಿ? ನಾ ಹೋತಿಲ್ಲೆ. ಚೀಟಿ ಅಕ್ಕಿ ಡಬ್ಬಿ ಒಳ್ಗೆ ಹಾಕಿದ್ದೆ."

ತಟ್ಟೆಯ ಮೇಲೆ ಪಾಂಡುವಿನ ಕೈ ನಿಂತಿತು. ಅರ್ಧ ಊಟಕ್ಕೇ ಎದ್ದು ಕೈತೊಳೆದ. ಮೀನಿನ ಮುಳ್ಳು ಸಿಕ್ಕಿರಬೇಕು, ಸಿಕ್ಕಲಿ ಎಂದುಕೊಂಡಳು ಗುಣವತಿ. ಗಂಟಿಗಿಂತ ಹೆಚ್ಚಾಗಿ ಅವಳನ್ನು ತಿನ್ನುತ್ತಿದ್ದದ್ದು ಆ 'ಅವಸರ ಎಂತಕೆ'.

ಸೋಮವಾರ ಬೆಳಿಗ್ಗೆ ಮೀನಿನ ಬುಟ್ಟಿ ಸೊಂಟಕ್ಕಿಟ್ಟು ಬಸ್ಸಿಗೆ ಹೊರಟಳು. ಗೇಟಿನ ಹತ್ತಿರ ಪಾಂಡು ಬೆನ್ನು ಹಾಕಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕಿವಿಗೆ ಅದೇ ಕಪ್ಪು ಬಟ್ಟಲು. ಯಾರ್ಡಿಗೆ ಹೋಗುವ ವೇಷವಲ್ಲ.

"ಮದ್ಮಗನ ಸವಾರಿ ಎಲ್ಲಿಗ್ ಹೊರಟಿತ್ತೋ," ಎಂದು ತುಟಿಯೊಳಗೇ ಗೊಣಗಿದಳು.

"ಆಸ್ಪತ್ರಿಗೆ," ಎಂದ ಪಾಂಡು, ತಿರುಗದೆ.

ಬುಟ್ಟಿ ಸೊಂಟದಿಂದ ಜಾರಿತು. ಅವನು ತಿರುಗಿದಾಗ ಕೈಯಲ್ಲಿ ಡಾಕ್ಟರ ಚೀಟಿ ಇತ್ತು, ಮಡಿಕೆಯಲ್ಲಿ ಅಕ್ಕಿಯ ಧೂಳು. ಅವನು ಮಫ್ ಕಳಚಿ ಅವಳ ತಲೆಗೆ ತೊಡಿಸಿ ತಿರುಗಣೆ ತಿರುಗಿಸಿದ.

ಗುಣವತಿ ಬೆಚ್ಚಿಬಿದ್ದಳು. ಜಲಜನ ಮನೆಯ ಹಿಂದಿನ ಪೊರಕೆ ಕಿವಿಯೊಳಗೇ ಗುಡಿಸಿತು. ತನ್ನದೇ ಸೆರಗು ಸರಭರ ಎಂದಿತು. ಅಲ್ಲಿ, ಜಗಲಿಯೆದುರಿನ ಗೋಡೆಯಲ್ಲಿ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಪಾಂಡು ಉಸಿರಿನಷ್ಟೇ ಸಣ್ಣ ದನಿಯಲ್ಲಿ ಹೇಳಿದ್ದೂ ಒಂದಕ್ಷರ ಬಿಡದೆ ಕೇಳಿಸಿತು.

"ಚಂದಯ್ಯನಾಂಗೆ ನಾನೂ ಕೆಪ್ಪ ಆಯ್ದೆ ಹೆಣೆ. ಆವತ್ ನೀ ಒಂದ್ ಗಂಟ್ ಆಯ್ತ್ ಅಂದದ್ದ್, ನಂಗೆ ಒಂದ್ ಗಂಟೆ ಆಯ್ತ್ ಅಂದಾಂಗ್ ಕೇಂಡಿತ್."