ಎದುರುಗಾಳಿ

"ನಮ್ಮಕ್ಕನ ಊರಿಗೂ ಇದರಲ್ಲಿ ವಿಮಾನ ಹೋಗುತ್ತಾ, ಅಳಿಯಂದ್ರೇ?"

ಬೆನ್ನ ಹಿಂದಿನಿಂದ ಬಂದ ದನಿಗೆ ಅಳಿಯನ ಕೈ ಜಾಯ್‌ಸ್ಟಿಕ್ಕಿನ ಮೇಲೇ ನಿಂತಿತು. ಭಾನುವಾರ ಬಂತೆಂದರೆ ಕನ್ನಡಕದ ಅಂಗಡಿಗೆ ಬೀಗ ಜಡಿದು, ಮೂಲೆ ಕೋಣೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತ ಕೂರುವುದು ಅವನ ವ್ರತ. ಊಟಕ್ಕೆ ಕರೆದರೂ "ಇಳಿದ ಮೇಲೆ ಬರ್ತೀನಿ" ಎನ್ನುವ ಆಸಾಮಿ. ಅತ್ತೆ ಯಾವತ್ತೂ ಆ ಕೋಣೆಗೆ ಕಾಲಿಟ್ಟವರಲ್ಲ. ಇವತ್ತು ನೋಡಿದರೆ ನೀಟಾಗಿ ತಲೆ ಬಾಚಿ, ಹೊರಗೆ ಹೋಗುವಾಗ ಹಿಡಿಯುವ ಕೈಚೀಲವನ್ನೂ ಹಿಡಿದು ಬಂದು, ಪಕ್ಕದ ಸ್ಟೂಲಿನ ಮೇಲೆ ಕೂತೇ ಬಿಟ್ಟಿದ್ದರು.

"ಹೋಗುತ್ತೆ ಅತ್ತೆ. ಗುಡ್ಡ, ರಸ್ತೆ, ಕೆರೆ, ಎಲ್ಲಾ ಇದ್ದಿದ್ದು ಇದ್ದ ಹಾಗೇ ಕಾಣುತ್ತೆ."

"ಹಾಗಾದ್ರೆ ಒಂದ್ಸಲ ಕರ್ಕೊಂಡು ಹೋಗಿ. ಇದರಲ್ಲಾದ್ರೆ ನನ್ನ ಸೊಂಟಕ್ಕೂ ತೊಂದ್ರೆ ಇಲ್ಲ, ನಿಮ್ಮ ಸೇತುವೆ ರಿಪೇರಿನೂ ಅಡ್ಡ ಬರಲ್ಲ."

ಸೇತುವೆ ಎಂದದ್ದೇ ತಡ, ಅಳಿಯ ತೆರೆಯತ್ತ ತಿರುಗಿ ಕೂತ. ಅತ್ತೆಯ ಅಕ್ಕನಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಫೋನು ಹಚ್ಚಿದರೆ ಆ ಕಡೆಯಿಂದ ಬರುವುದು ಉಸಿರಾಟ ಮಾತ್ರ. ಈ ಕಡೆಯಿಂದ ಅತ್ತೆ ಇಬ್ಬರ ಮಾತನ್ನೂ ತಾವೇ ಆಡುತ್ತಿದ್ದರು. ಒಂದು ಸಲ ಮುಖ ನೋಡಿ ಬರೋಣ ಎಂದು ಅವರು ಬಾಯಿ ತೆರೆದಾಗಲೆಲ್ಲ ಅಳಿಯನದು ಒಂದೇ ಹಾಡು: ಸೇತುವೆ ರಿಪೇರಿ, ಸುತ್ತುದಾರಿ, ಹೋಗಿ ಬರೋಕೆ ಇಡೀ ದಿನ ಹಿಡಿಯುತ್ತೆ, ನಿಮ್ಮ ಸೊಂಟ ತಡೆಯಲ್ಲ. ಅವನ ಹೆಂಡತಿಯೂ ಅದನ್ನೇ ನಂಬಿದ್ದಳು. ನಿಜ ಹೇಳಬೇಕೆಂದರೆ ಸೇತುವೆ ಸರಿಹೋಗಿ ಎಷ್ಟೋ ಕಾಲವಾಗಿತ್ತು. ಕಾರಿನಲ್ಲಿ ಕೂತರೆ ಒಂದು ಗಂಟೆಯ ದಾರಿ. ಆದರೆ ಹೋಗುವುದಾದರೆ ಭಾನುವಾರವೇ ಹೋಗಬೇಕು, ಆ ಭಾನುವಾರವನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ.

ತೆರೆಯ ಮೇಲೆ ವಿಮಾನಗಳು ಸಾಲುಗಟ್ಟಿ ನಿಂತವು. ಹತ್ತಿರದ ಊರಿಗೆ ಯಾವುದು ಸರಿ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅವನು ಹೇಳಿಯಾನು. ಇದೇ ಆಟದ ಗೆಳೆಯರಿಗೆಲ್ಲ ಪಾಠ ಮಾಡುವವನೇ ಅವನು: ದೊಡ್ಡ ಜೆಟ್ಟು ಬೇಡ, ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ, ಎರಡು ಪಂಖದ ಚುರುಕು ವಿಮಾನ ಹಿಡಿಯಿರಿ, ಹತ್ತಿದ್ದೂ ಗೊತ್ತಾಗಲ್ಲ, ಇಳಿದದ್ದೂ ಗೊತ್ತಾಗಲ್ಲ. ಆದರೆ ಅದರಲ್ಲಿ ಹೊರಟರೆ ಅತ್ತೆ ಸ್ಟೂಲಿನ ಮೇಲೆ ಸರಿಯಾಗಿ ಕೂರುವಷ್ಟರಲ್ಲಿ ಅಕ್ಕನ ಊರು ಬಂದುಬಿಡುತ್ತದೆ. ಇಷ್ಟು ಹತ್ತಿರಾನಾ ಎಂದು ಕೇಳಿಬಿಟ್ಟರೆ?

ಅವನ ಬೆರಳು ಕೆಳಗೆ, ಇನ್ನೂ ಕೆಳಗೆ ಜಾರಿತು. ತೀರಾ ಕೊನೆಯಲ್ಲಿ, ಬಟ್ಟೆ ಹೊದಿಸಿದ ರೆಕ್ಕೆಯ ಒಂದು ಹಳೇ ವಿಮಾನವಿತ್ತು. ಸೈಕಲ್ಲಿನವನೂ ಇದನ್ನು ಹಿಂದೆ ಹಾಕ್ತಾನೆ ಎಂದು ಅವನೇ ಎಷ್ಟೋ ಸಲ ನಕ್ಕಿದ್ದ. ಅದನ್ನೇ ಆರಿಸಿದ.

"ಇದೇನು, ಗಾಳಿಪಟಕ್ಕೆ ಚಕ್ರ ಕಟ್ಟಿದ ಹಾಗಿದೆ?"

"ನಿಧಾನಕ್ಕೆ ಹೋಗುತ್ತೆ ಅತ್ತೆ. ಕೆಳಗಿರೋದೆಲ್ಲ ಚೆನ್ನಾಗಿ ಕಾಣಲಿ ಅಂತ."

"ನನಗೋಸ್ಕರ ಆರಿಸಿದ್ರಾ? ಪುಣ್ಯಾತ್ಮರು ನೀವು."

ಪುಣ್ಯಾತ್ಮ, ಅದೂ ಸಾಲದೆಂದು ಎದುರುಗಾಳಿಯನ್ನು ಒಂದಿಷ್ಟು ಜೋರು ಮಾಡಿದ.

ವಿಮಾನ ನರಳುತ್ತ ಮೇಲೇರಿತು. ಅತ್ತೆ ಮಕ್ಕಳ ಹಾಗೆ ತೆರೆಯತ್ತ ಕತ್ತು ಚಾಚಿದರು. ಮೂಗಿನ ಮೇಲೆ ಹೋದ ತಿಂಗಳಷ್ಟೇ ಅಳಿಯನೇ ಕಣ್ಣು ಪರೀಕ್ಷಿಸಿ ಮಾಡಿಕೊಟ್ಟ ಹೊಸ ಕನ್ನಡಕ. "ಅಯ್ಯೋ, ಆ ಗುಡ್ಡ ನೋಡಿ! ಕಲ್ಲಿಗೋಸ್ಕರ ಅರ್ಧ ಕಡಿದು ಹಾಕಿದಾರೆ. ಇಲಿ ಕಚ್ಚಿದ ಸಾಬೂನಿನ ಹಾಗಿದೆ!" ಎಂದು ನಕ್ಕರು. ಅಳಿಯನೂ ನಕ್ಕ. ಅಷ್ಟರಲ್ಲಿ ಗುಡ್ಡದಾಚೆ ಅಕ್ಕನ ಊರಿನ ಮನೆಗಳು ಬೆಳ್ಳಗೆ ಮೂಡತೊಡಗಿದವು. ನಂಬಿದ ಎದುರುಗಾಳಿಯೂ ಕೈಕೊಟ್ಟಿತ್ತು. ಅವನು ಸದ್ದಿಲ್ಲದೆ ಬಲಕ್ಕೆ ವಾಲಿಸಿ, ದೊಡ್ಡದೊಂದು ಸುತ್ತು ಹೊಡೆದು, ಬಂದ ದಾರಿಗೇ ತಂದುಬಿಟ್ಟ.

ಮತ್ತೆ ಗುಡ್ಡ ಬಂತು. ಅತ್ತೆ ಇನ್ನಷ್ಟು ಮುಂದಕ್ಕೆ ಬಾಗಿ ನೋಡಿದರು. ಇನ್ನೊಂದು ಸುತ್ತು. ಮತ್ತೆ ಅದೇ ಇಲಿ ಕಚ್ಚಿದ ಸಾಬೂನು. ಅವರು ಕನ್ನಡಕ ತೆಗೆದು, ಒರೆಸಿ, ಪುನಃ ಹಾಕಿಕೊಂಡರು. ಈ ಸಲ ತೆರೆಯನ್ನು ನೋಡಲಿಲ್ಲ, ಅಳಿಯನ ಮುಖವನ್ನು ನೋಡಿದರು.

ಅವನ ಕಿವಿಗಳು ಕಾದ ಹೆಂಚಾದವು. "ಗಾಳಿ ಬಹಳ ಇದೆ, ಅತ್ತೆ..."

"ಇರಬಹುದು," ಎಂದರು ಅತ್ತೆ, ಮೆತ್ತಗೆ. ಇಷ್ಟು ಹೊತ್ತೂ ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ ಕೈಚೀಲವನ್ನು ತೆಗೆದು ನೆಲಕ್ಕಿಟ್ಟರು.

ಒಣಗಿದ ಬಟ್ಟೆಯ ರಾಶಿ ಹೊತ್ತುಕೊಂಡು ಹೋಗುತ್ತಿದ್ದ ಅವನ ಹೆಂಡತಿ ಬಾಗಿಲಲ್ಲಿ ಇಣುಕಿದಳು. "ಏನಮ್ಮಾ, ದೊಡ್ಡಮ್ಮನ ಊರಿಗೆ ಹೊರಟೆಯಾ? ಬಂತಾ ಊರು? ನಿಜವಾಗ್ಲೂ ಅಷ್ಟು ದೂರನಾ?"

ಅಳಿಯ ತೆರೆಯಿಂದ ಕಣ್ಣು ಕೀಳಲಿಲ್ಲ. ಕೈ ಮಾತ್ರ ಜಾಯ್‌ಸ್ಟಿಕ್ಕನ್ನು ಬಿಗಿಯಾಗಿ ಹಿಡಿದಿತ್ತು, ಬಿಟ್ಟರೆ ತಾನೇ ಬೀಳುವವನ ಹಾಗೆ.

"ದೂರ ಕಣೆ, ತುಂಬಾ ದೂರ," ಎಂದರು ಅತ್ತೆ, ಕೈಚೀಲ ಎತ್ತಿಕೊಂಡು ಸೊಂಟ ಹಿಡಿದು ಏಳುತ್ತ. "ಪಾಪ, ಅಳಿಯಂದ್ರನ್ನ ಇನ್ನು ಕೇಳಬಾರದು. ಅಲ್ಲಿಗೆ ಹೋಗಬೇಕಂದ್ರೆ ಒಂದೇ ಗುಡ್ಡನ ಮೂರು ಸಲ ದಾಟಬೇಕು."