ಎಲೆ ಮಡಚುವ ದಿಕ್ಕು

ಕಡಲು ಏರುತ್ತ ಏರುತ್ತ ಬ್ರಿಟಿಷರ ಕಾಲದ ಬೀಚ್ ಹೋಟೆಲಿನ ಮಾಳಿಗೆಗಳನ್ನೆಲ್ಲ ನುಂಗಿದ ಮೇಲೆ, ದೋಣಿ ನೇರವಾಗಿ ತಾರಸಿಗೇ ಬಂದು ನಿಲ್ಲುತ್ತಿತ್ತು. ವರ್ಷಕ್ಕೊಮ್ಮೆ ತಪ್ಪದೆ ಬರುವ ಗುಲಾಬಿ ಶೆಡ್ತಿ ಸೀರೆಯನ್ನು ಕೊಂಚ ಎತ್ತಿಕೊಂಡು ಇಳಿದರು.

"ಮದುವೆಯಾದ ಹೊಸತರಲ್ಲಿ ನಾವು ಉಳಿದ ಕೋಣೆ ಹೇಗುಂಟು ಪೈಗಳೇ?" ಎಂದು ಮ್ಯಾನೇಜರನ್ನು ಕೇಳಿದರು.

"ಅದರಲ್ಲಿ ಈಗ ಬಂಗುಡೆ ಮೀನು ಇರುದು ಅಕ್ಕ. ಗಲಾಟೆ ಏನಿಲ್ಲ."

ಬೆಳಿಗ್ಗೆಯಿಡೀ ಶೆಡ್ತಿ ಆರಾಮಕುರ್ಚಿಯಲ್ಲಿ ಕೂತು, ಕಾಲಬುಡಕ್ಕೆ ಬಂದು ಹೋಗುವ ಅಲೆಗಳನ್ನು ನೋಡಿದರು. ಮಧ್ಯಾಹ್ನ ದೋಣಿಯಲ್ಲಿ ಬಂದ ಅತಿಥಿಗಳಿಗೆಲ್ಲ ಸಾಲಾಗಿ ಬಾಳೆಲೆಯಲ್ಲಿ ಊಟ. ಬರುವ ವರ್ಷ ತಾರಸಿಯೂ ಮುಳುಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಉಂಡವರೆಲ್ಲ ಸಾವಿನ ಮನೆಯಲ್ಲಿ ಮಾಡುವಂತೆ ಎಲೆಯನ್ನು ಆಚೆಗೆ ಮಡಚಿದರು. ಶೆಡ್ತಿ ಮಾತ್ರ ಪಾಯಸವನ್ನು ಬಳಿದು ತಿಂದು, ತಮ್ಮ ಎಲೆಯನ್ನು ಈಚೆಗೆ ಮಡಚಿದರು.

ಪೈಗಳು ಬಗ್ಗಿ ಮೆಲ್ಲಗೆ ಹೇಳಿದರು: "ಅಕ್ಕ, ಈಚೆಗೆ ಮಡಚಿದ್ರೆ ಇನ್ನೊಮ್ಮೆ ಊಟಕ್ಕೆ ಬರ್ತೇನೆ ಅಂತ ಅರ್ಥ."

"ಹೌದು, ಅದಕ್ಕೇ ಮಡಚಿದ್ದು. ದೋಣಿಯಲ್ಲಿ ಬಡಿಸ್ಲಿಕ್ಕೆ ಆಗುದಿಲ್ವಾ?"

ಪೈಗಳು ದೋಣಿಯ ಅಗಲವನ್ನು ಕಣ್ಣಲ್ಲೇ ಅಳೆದರು. "ಆಗ್ತದೆ. ಸಾರು ಸ್ವಲ್ಪ ಉಪ್ಪಾದೀತು."

ಎದುರು ಸಾಲಿನವರೊಬ್ಬರು ಮಡಚಿದ್ದ ಎಲೆಯನ್ನು ಬಿಡಿಸಿ, ಈಚೆಗೆ ಮಡಚಿದರು.