ಶೀಟಿನ ಗ್ಯಾಲರಿ

ಸತತ ಮೂರು ವರ್ಷ ಫುಟ್‌ಬಾಲ್ ಲೀಗ್ ಗೆದ್ದರೂ ಕೋಚ್ ಏಳುಮಲೈಯ ತಂಡವನ್ನು ಮೇಲಿನ ಡಿವಿಜನ್‌ಗೆ ಸೇರಿಸಿಕೊಳ್ಳಲಿಲ್ಲ. ಅವರು ಆಡುವ ಪುರಸಭೆ ಮೈದಾನದಲ್ಲಿ ಚಾವಣಿ ಇರುವ ಗ್ಯಾಲರಿ ಇಲ್ಲವಂತೆ. ನಿಯಮವಂತೆ, ಮಣ್ಣಂತೆ!

ನಾಲ್ಕನೇ ವರ್ಷ ಆಟಗಾರರೇ ಇಟ್ಟಿಗೆ ಹೊತ್ತು, ಶೀಟು ಹೊದಿಸಿ ಗ್ಯಾಲರಿ ಕಟ್ಟಿದರು. ಕಟ್ಟಿದ ಸುಸ್ತಿನಲ್ಲೇ ಕೊನೆಯ ಪಂದ್ಯ ಸೋತು ಎರಡನೇ ಸ್ಥಾನಕ್ಕಿಳಿದರು.

ಆದರೂ ಏಳುಮಲೈ ಆಸೆ ಬಿಡಲಿಲ್ಲ. ಲೀಗ್ ಗೆದ್ದ ಹೊಸಪೇಟೆ ಬೀದಿಯವರಿಗೆ ಒಂದು ಮೈದಾನವೇ ಇಲ್ಲ. ತನ್ನನ್ನು ಮೂರು ವರ್ಷ ಗೋಳು ಹೊಯ್ದುಕೊಂಡ ಹಾಳು ನಿಯಮ ಅವರನ್ನೂ ತಡೆದರೆ, ಎರಡನೆಯವರೇ ಮೇಲೆ ಹೋಗಬೇಕು.

ತಪಾಸಣೆಗೆ ಬಂದ ಲೀಗ್ ಅಧಿಕಾರಿ ಟೇಪು ಹಿಡಿದು ಗ್ಯಾಲರಿ ಅಳೆದರು. ಶೌಚಾಲಯದ ನಲ್ಲಿಯನ್ನೂ ತಿರುಗಿಸಿ ನೋಡಿದರು.

“ಎಲ್ಲಾ ಸರಿಯಾಗಿದೆ. ಮೈದಾನ ಪಾಸು.”

“ಇಷ್ಟು ವರ್ಷ ಸತಾಯಿಸಿದ್ರಲ್ಲ ಸಾರ್! ಈ ಸಲವಾದ್ರೂ ನಾವು ಮೇಲಕ್ಕೆ ಹೋಗ್ತೀವಿ ತಾನೆ?”

ಅಧಿಕಾರಿ ಫೈಲಿನಿಂದ ತಲೆಯೆತ್ತಿದರು.

“ನೀವಲ್ಲ ಕಣ್ರೀ. ಮುಂದಿನ ವರ್ಷದಿಂದ ಇಲ್ಲೇ ಆಡ್ತೀವಿ ಅಂತ ಹೊಸಪೇಟೆ ಬೀದಿಯವರು ಪುರಸಭೆಯ ಒಪ್ಪಿಗೆ ಪತ್ರ ತಂದುಕೊಟ್ಟಿದಾರೆ. ನಾನು ಬಂದಿದ್ದು ಅವರ ಅರ್ಜಿ ಮೇಲೆ.”